ಕೋಬಾಲ್ಟ್-60: 2505 ಕೆಇವಿ ಹತ್ತಿರದ ಸಣ್ಣ ಪೀಕಿಗೆ ಲೆವೆಲ್ ಸ್ಕೀಮಿನಲ್ಲಿ ಬಾಣ ಎಳೆಯಬೇಕೇ?

ಸಾಧನಕೇರಿ (ಧಾರವಾಡ):
ಎಂ.ಎಸ್ಸಿ. ಪ್ರಯೋಗ. 2 ಇಂಚಿನ ಸೋಡಿಯಂ ಅಯೊಡೈಡ್ ಹರಳು, 1024 ಚಾನೆಲ್ಲಿನ ಎಂಸಿಎ (ಪಲ್ಸ್‌ಗಳನ್ನು ಎತ್ತರದ ಪ್ರಕಾರ ಚಾನೆಲ್‌ಗಳಿಗೆ ವಿಂಗಡಿಸಿ ಎಣಿಸುವ ಉಪಕರಣ). ಸೀಸಿಯಂ-137ರ 662 ಕೆಇವಿ (ಗಾಮಾ ಶಕ್ತಿಯ ಅಳತೆ) ಪೀಕು ಚಾನೆಲ್ 220ಕ್ಕೆ ಬರುವಂತೆ ಗೇನ್ (ಪಲ್ಸ್ ಹಿಗ್ಗಿಸುವ ಪ್ರಮಾಣ) ಇಟ್ಟಿದೆ. 1 ಮೈಕ್ರೋಕ್ಯೂರಿಯ ಕೋಬಾಲ್ಟ್ ಡಿಸ್ಕನ್ನು ಹರಳಿನ ಮುಖಕ್ಕೆ ಹಚ್ಚಿಯೇ ಇಟ್ಟು 10 ನಿಮಿಷ ಎಣಿಸಿದರೆ 1173, 1332 ಚೆನ್ನಾಗಿ ಬೇರೆ ಬೇರೆ ಕಾಣುತ್ತವೆ. ಜೊತೆಗೆ ಚಾನೆಲ್ 832ರ ಆಸುಪಾಸು, ಅಂದರೆ ಸುಮಾರು 2505 ಕೆಇವಿಗೆ, ಒಂದು ಸಣ್ಣ ಪೀಕು, ಕೆಳಗೆ 210 ಕೆಇವಿ ಹತ್ತಿರ ಒಂದು ದಿಬ್ಬ. ಕೋಬಾಲ್ಟ್ ಕ್ಷಯಿಸಿ ಆಗುವ ನಿಕಲ್-60ರ 2505 ಮಟ್ಟದಿಂದ ನೇರ ತಳಮಟ್ಟಕ್ಕೆ ಇಳಿಯುವ ಗಾಮಾ ಎಂದು ರೆಕಾರ್ಡಿನ ಲೆವೆಲ್ ಸ್ಕೀಮಿನಲ್ಲಿ (ಶಕ್ತಿ ಮಟ್ಟಗಳ ಚಿತ್ರದಲ್ಲಿ) ಬಾಣ ಎಳೆದು ಬರೆಯಬಹುದೇ? ಇನ್ನೊಂದು: 1173 ಮೊದಲು, 1332 ಆಮೇಲೆ ಎಂದು ಈ ಸ್ಪೆಕ್ಟ್ರಮ್ ನೋಡಿ ಹೇಳಲಾಗುತ್ತದೆಯೇ?

ಉಣಕಲ್:
ಬಾಣ ಎಳೆಯಬೇಡಿ. ಅದು ಸಮ್ ಪೀಕು. 2505 ಮಟ್ಟದ ಸ್ಪಿನ್ (ಕೋನೀಯ ಸಂವೇಗದ ಸಂಖ್ಯೆ) 4+, ತಳದ್ದು 0+. ಒಂದೇ ಜಿಗಿತಕ್ಕೆ ನಾಲ್ಕು ಯೂನಿಟ್ ಕೋನೀಯ ಸಂವೇಗ ಹೊತ್ತೊಯ್ಯಬೇಕು. ನಡುವೆ 1332ರ 2+ ಮಟ್ಟ ಇರುವಾಗ ಆ ದಾರಿ ಹಿಡಿಯುವುದು 10 ಕೋಟಿ ಕ್ಷಯಕ್ಕೆ ಒಂದೆರಡು ಸಲ. ನಿಮ್ಮ ಸೋರ್ಸಿಗೆ 10 ನಿಮಿಷದಲ್ಲಿ ಅದು ಕಾಣುವ ಮಾತೇ ಇಲ್ಲ.

ಆಗುತ್ತಿರುವುದು ಇಷ್ಟು: 1332 ಮಟ್ಟ ಸುಮಾರು ಒಂದು ಪಿಕೋಸೆಕೆಂಡಿನಲ್ಲೇ ಖಾಲಿಯಾಗುತ್ತದೆ. ಹರಳಿನ ಬೆಳಕು ಆರಲು 230 ನ್ಯಾನೋಸೆಕೆಂಡ್ ಬೇಕು. ಎರಡೂ ಗಾಮಾ ಹರಳಿಗೆ ಬಿದ್ದರೆ ಅದಕ್ಕೆ ಒಂದೇ ಮಿಂಚು, ಎಂಸಿಎಗೆ ಒಂದೇ ಪಲ್ಸ್. 1173.2 + 1332.5 = 2505.7.

ಪರೀಕ್ಷೆ ಸುಲಭ. ಸೋರ್ಸನ್ನು 3 ಸೆಂ.ಮೀ.ನಲ್ಲಿ ಒಮ್ಮೆ, 10 ಸೆಂ.ಮೀ.ನಲ್ಲಿ ಒಮ್ಮೆ ಇಡಿ. ಗೇನ್ ಮುಟ್ಟಬೇಡಿ. 1332ರ ಕೌಂಟ್ ರೇಟ್ ಎಷ್ಟು ಪಟ್ಟು ಇಳಿಯಿತೋ, ಸಮ್ ಪೀಕು ಅದರ ವರ್ಗದಷ್ಟು ಇಳಿಯಬೇಕು, ಏಕೆಂದರೆ ಎರಡು ಗಾಮಾಗಳೂ ಹರಳಿಗೆ ಸಿಗಬೇಕು. ನಿಜವಾದ ಗಾಮಾ ಆಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಪಟ್ಟು ಇಳಿಯುತ್ತಿದ್ದವು. ದೂರ ಅಳೆದು ಒಂದರ ಮೇಲೆ ದೂರದ ವರ್ಗ ಅಂತ ಲೆಕ್ಕ ಹಾಕಿ ಹೋಲಿಸಬೇಡಿ. ಗಾಮಾ ಹರಳಿನ ಮುಖದಲ್ಲೇ ನಿಲ್ಲುವುದಿಲ್ಲ, ಒಳಗೆ ಹೋಗಿ ಸಿಗುತ್ತದೆ, ಹತ್ತಿರದಲ್ಲಿ ಆ ಲೆಕ್ಕ ಕೂಡುವುದಿಲ್ಲ. 10 ಸೆಂ.ಮೀ.ನಲ್ಲಿ ಕನಿಷ್ಠ 2 ತಾಸು ಎಣಿಸಿ.

ಸೋಡಿಯಂ-22 ಇದ್ದರೆ ಅದರಲ್ಲೂ ನೋಡಿ: 511 + 1274.5 ಸೇರಿ 1785ಕ್ಕೆ ಪೀಕು ಬರುತ್ತದೆ. ಆದರೆ 1022 ಬರುವುದಿಲ್ಲ, ಎರಡು 511ಗಳು ಬೆನ್ನಿಗೆ ಬೆನ್ನು ಹಾಕಿ ಓಡುತ್ತವೆ. ಸೋರ್ಸು ಒಂದು ಬದಿಗಿದ್ದಾಗ ಹರಳಿಗೆ ಒಂದೇ ಸಿಗುತ್ತದೆ.

ಬೆಟಗೇರಿ:
ಉಣಕಲ್ ಅವರ ಮಾತು ಖರೆ. ಎರಡು ಮಾತು ಸೇರಸ್ತೀನಿ.

ಸೋರ್ಸ್ ಜೋರಿದ್ರ ಬೇರೆ ಬೇರೆ ನ್ಯೂಕ್ಲಿಯಸ್‌ನ ಗಾಮಾನೂ ಒಂದರ ಮ್ಯಾಲೆ ಒಂದು ಬೀಳ್ತಾವು. ಆವಾಗ 2346ಕ್ಕೂ 2665ಕ್ಕೂ ಪೀಕು ಏಳಬೇಕು. 2505 ಒಂದೇ ಇದ್ರ ಅದು ಒಂದೇ ಕ್ಷಯದ ಜೋಡಿ. ಆದ್ರ 2665 ಅಂತ ತಿಳದು 2614ರ ಥ್ಯಾಲಿಯಂ-208 ಹಿಡದೀರಿ, ಹುಷಾರ್. ಅದು ಗೋಡಿ ನೆಲದಾಗಿನ ಥೋರಿಯಂನಿಂದ ಬರೂದು. ಸೋರ್ಸ್ ತಗದು ಅಷ್ಟೇ ಹೊತ್ತು ಬ್ಯಾಕ್‌ಗ್ರೌಂಡ್ ತಗೊಂಡು ಕಳೀರಿ. 1461ರ ಪೊಟ್ಯಾಶಿಯಂ-40ನೂ ಅದರಾಗ ಹೋಗ್ತದ.

ಎರಡು ತಾಸು ಎಣಸೂದ್ರಾಗ ಪೀಕು ಸರದ್ರ ಎಲ್ಲಾ ಕೆಡ್ತದ. ಪಿಎಂಟಿ (ಹರಳಿನ ಬೆಳಕನ್ನ ಪಲ್ಸ್ ಮಾಡೂ ಟ್ಯೂಬ್) ಹೈ ವೋಲ್ಟೇಜ್ ಒಂದು ಪರ್ಸೆಂಟ್ ಹೆಚ್ಚುಕಡಿಮಿ ಆದ್ರ ಗೇನ್ ಸುಮಾರು 7 ಪರ್ಸೆಂಟ್ ಜಾರ್ತದ. ಕರೆಂಟ್ ಹೋಗಿ ಬಂದ್ರ ಅರ್ಧ ತಾಸು ಕಾದು, ಸೀಸಿಯಂ ಇಟ್ಟು 220 ಬಂತೇನು ನೋಡಿ ಮುಂದ ಹೋಗ್ರಿ. ಮೊದಲೊಮ್ಮೆ, ಕಡೀಕೊಮ್ಮೆ ಸೀಸಿಯಂ ತಗೊಳ್ಳದೇ ಇದ್ದ ಸ್ಪೆಕ್ಟ್ರಮ್ ನನಗ ನಂಬಿಕಿ ಇಲ್ಲ.

ಆ 210ರ ದಿಬ್ಬ ಮಟ್ಟ ಅಲ್ಲ, ಬ್ಯಾಕ್‌ಸ್ಕ್ಯಾಟರ್. ಟೇಬಲ್, ಸೀಸದ ಇಟ್ಟಿಗಿಗೆ ಬಡದು ಹಿಂದಕ್ಕ ಬಂದ ಗಾಮಾ. 1173ಕ್ಕ 210, 1332ಕ್ಕ 214 ಬರ್ತದ. ನಿಮ್ಮ ಹರಳಿಗೆ ಎರಡೂ ಒಂದೇ. ಸೀಸಿಯಂದಾಗ ಅದೇ 184. ಇಟ್ಟಿಗಿ ದೂರ ಸರಿಸಿದ್ರ ಸಣ್ಣಾಗ್ತದ.

ಉಣಕಲ್:
ಕ್ರಮದ ಪ್ರಶ್ನೆ ಉಳಿಯಿತು. ನಿಮ್ಮ ಸ್ಪೆಕ್ಟ್ರಮ್ ಅದನ್ನು ಹೇಳುವುದಿಲ್ಲ. ಕೋಬಾಲ್ಟ್ ಬಿಡುವ ಬೀಟಾಗಳಲ್ಲಿ 99.88% ಪಾಲು 318 ಕೆಇವಿ ಗರಿಷ್ಠ ಶಕ್ತಿಯವು, 2505 ಮಟ್ಟಕ್ಕೆ ಇಳಿಯುತ್ತವೆ, 0.12% ನೇರ 1332ಕ್ಕೆ. ಹಾಗಾಗಿ 1332ರ ಪ್ರಮಾಣ 99.98%, 1173ರದು 99.85%. ಕೆಳಗಿನದು ಚೂರು ಹೆಚ್ಚು, ಸುಳಿವು ಅಲ್ಲೇ ಇದೆ. ಆದರೆ ಸೋಡಿಯಂ ಅಯೊಡೈಡಿನ ಎಫಿಶಿಯೆನ್ಸಿ (ಬಂದ ಗಾಮಾಗಳಲ್ಲಿ ಎಷ್ಟು ಎಣಿಕೆಗೆ ಸಿಗುತ್ತವೆ ಎಂಬುದು) ತಿದ್ದುಪಡಿಯ ತಪ್ಪೇ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಿಕಲ್-60ಅನ್ನು ಬೇರೆ ರೀತಿ ಕೆರಳಿಸಿದರೂ, ಅಂದರೆ ವೇಗದ ಅಯಾನುಗಳ ವಿದ್ಯುತ್ ಬಲದಿಂದ ಕೆರಳಿಸುವ ಕೂಲಂಬ್ ಎಕ್ಸೈಟೇಶನ್‌ನಲ್ಲಿ, ಮೊದಲು ಕಾಣುವುದು 1332. ಮೊದಲ ಮಟ್ಟ ಅದೇ ಎಂಬುದಕ್ಕೆ ಅಲ್ಲಿ ನೇರ ಸಾಕ್ಷಿ.

ಎರಡು ಡಿಟೆಕ್ಟರ್ ಇಟ್ಟು ಕೋನ ಬದಲಿಸಿ ಕೋಇನ್ಸಿಡೆನ್ಸ್ (ಎರಡರಲ್ಲೂ ಒಟ್ಟಿಗೇ ಬಂದ ಗಾಮಾಗಳ ಎಣಿಕೆ) ತೆಗೆದರೆ 180 ಡಿಗ್ರಿಯಲ್ಲಿ 90ಕ್ಕಿಂತ ಸುಮಾರು 17% ಹೆಚ್ಚು ಬರಬೇಕು. ಅದರಿಂದ 4-2-0 ಸ್ಪಿನ್ ಗಟ್ಟಿಯಾಗುತ್ತದೆ, ಯಾವ ಗಾಮಾ ಮೊದಲು ಎಂಬುದಲ್ಲ. ವೈವಾದಲ್ಲಿ ಇವೆರಡನ್ನು ಕಲಸುವವರು ಬಹಳ.

ಸಾಧನಕೇರಿ (ಧಾರವಾಡ):
ಬ್ಯಾಕ್‌ಗ್ರೌಂಡ್ ಕಳೆದ ಮೇಲೆ: 3 ಸೆಂ.ಮೀ.ನಲ್ಲಿ 1332 ಸೆಕೆಂಡಿಗೆ 260, 2505 ಸೆಕೆಂಡಿಗೆ 2.1. 10 ಸೆಂ.ಮೀ.ನಲ್ಲಿ 1332 ಸೆಕೆಂಡಿಗೆ 38. 2505ರಲ್ಲಿ 2 ತಾಸಿಗೆ 340 ಕೌಂಟ್. ಮೊದಲನೆಯದು 6.8 ಪಟ್ಟು, ಎರಡನೆಯದು 44 ಪಟ್ಟು ಇಳಿಯಿತು. 6.8ರ ವರ್ಗ 46. ಬಾಣ ಅಳಿಸಿದೆ.

ಬೆಟಗೇರಿ:
340ಕ್ಕ ಬ್ಯಾಕ್‌ಗ್ರೌಂಡಿನ ಎರರ್ ಸೇರಿಸಿ ಬರೀರಿ. ಬರೇ 44 ಅಂತ ಬರದ್ರ ಎಕ್ಸಾಮಿನರ್ ಅಲ್ಲೇ ಹಿಡೀತಾರ.