ಎಸ್ಸೆಸ್ಸೆಲ್ಸಿ ಫೇಲ್, ಐಟಿಐ ಮುಗಿಸಿ ಖಾಲಿ ಕೂತವರು, ಊರು ಬಿಡಲಾಗದ ಹುಡುಗಿಯರು: ಯಾರನ್ನು ಯಾವ ತರಬೇತಿಗೆ ಕಳಿಸಬೇಕು?

ಅರಿವು ಕೇಂದ್ರ, ಸಿಂಧನೂರು ತಾಲ್ಲೂಕು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ಗ್ರಂಥಾಲಯಕ್ಕೆ ಬರುವ 18ರಿಂದ 24 ವಯಸ್ಸಿನ ಸುಮಾರು 25 ಜನರ ಪಟ್ಟಿ ಮಾಡಿದ್ದೇವೆ. ಅವರಲ್ಲಿ ಮೂರು ಥರದವರಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅಥವಾ ಇಂಗ್ಲಿಷ್ ಉಳಿಸಿಕೊಂಡು ಬಿಟ್ಟವರೇ ಹೆಚ್ಚು. ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್ ಪಾಸಾಗಿ ಮನೆಯಲ್ಲೇ ಇರುವವರು ಐದಾರು ಮಂದಿ. ಪಿಯುಸಿಗೆ ಓದು ನಿಂತ ಹುಡುಗಿಯರು ಉಳಿದವರು, ಅವರಲ್ಲಿ ಅರ್ಧ ಜನರನ್ನು ಮನೆಯವರು ದೂರ ಕಳಿಸುವುದಿಲ್ಲ.

ಕಳೆದ ವಾರ ಒಂದು ತರಬೇತಿ ಸಂಸ್ಥೆಯ ಪರವಾಗಿ ಒಬ್ಬರು ಬಂದು, "ಬೆಂಗಳೂರಲ್ಲಿ ಮೂರು ತಿಂಗಳ ಉಚಿತ ತರಬೇತಿ, ನೌಕರಿ ಗ್ಯಾರಂಟಿ, ಮೂಲ ಅಂಕಪಟ್ಟಿ ಕೊಟ್ಟು ಹೆಸರು ಬರೆಸಿ" ಎಂದರು. ಕಳಿಸಬಹುದೇ? ಕಳಿಸುವ ಮುಂಚೆ ಏನೇನು ನೋಡಬೇಕು? ಯೋಜನೆಗಳ ಹೆಸರು ಗೊತ್ತು, ಯಾರಿಗೆ ಯಾವುದು ಮೊದಲು ಎಂಬುದು ಬೇಕು.

---

ನೇಮಕಾತಿ ಮೇಜು ಉತ್ತರ:

ಮೊದಲಿಗೆ ಆ ಮೂಲ ಅಂಕಪಟ್ಟಿಯ ಮಾತು. ಯಾರಿಗೂ ಕೊಡಬೇಡಿ. ತೋರಿಸಿ, ಪರಿಶೀಲಿಸಲಿ, ಜೆರಾಕ್ಸ್ ಇಟ್ಟುಕೊಳ್ಳಲಿ. ಮೂಲ ದಾಖಲೆ ಹಿಡಿದಿಟ್ಟುಕೊಂಡರೆ ಹುಡುಗ ನಡುವೆ ಬಿಟ್ಟು ಬರಲಾರ, ಮುಂದೆ ಬೇರೆ ಕಡೆ ಅರ್ಜಿಯನ್ನೂ ಹಾಕಲಾರ.

ಅವರು ಹೇಳಿದ್ದು ಡಿಡಿಯು-ಜಿಕೆವೈ (ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ) ಇರಬೇಕು. 2014ರಲ್ಲಿ ಶುರುವಾದ ಕೇಂದ್ರದ ಯೋಜನೆ, ನಮ್ಮಲ್ಲಿ ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆ ಸಂಜೀವಿನಿಯ ಮೂಲಕ ನಡೆಯುತ್ತದೆ. ಗ್ರಾಮೀಣ ಬಡ ಕುಟುಂಬದ 15ರಿಂದ 35 ವಯಸ್ಸಿನವರಿಗೆ, ಹೆಣ್ಣುಮಕ್ಕಳಿಗೆ ಮತ್ತು ಅಂಗವಿಕಲರಿಗೆ 45ರವರೆಗೆ. ಊಟ, ವಸತಿ, ಸಮವಸ್ತ್ರ ಎಲ್ಲ ಉಚಿತ, ಹಾಗಾಗಿ "ನೋಂದಣಿ ಶುಲ್ಕ" ಅಂತ ನೂರು ರೂಪಾಯಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ದಾರಿ ಇದೆ. ಹಿಂದಿನ ವರ್ಷ ಮನೆಯಿಂದ ಯಾರಾದರೂ ಉದ್ಯೋಗ ಖಾತರಿಯಲ್ಲಿ 15 ದಿನ ದುಡಿದಿದ್ದರೆ ಅಥವಾ ತಾಯಿ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ಅದೇ ಆಧಾರ ಸಾಕು.

ಬಂದವರ ಹತ್ತಿರ ಈ ನಾಲ್ಕು ಕಾಗದ ಕೇಳಿ: ಸಂಜೀವಿನಿಯ ಮಂಜೂರಾತಿ ಪತ್ರ, ತರಬೇತಿ ಕೇಂದ್ರದ ವಿಳಾಸ, ಕೋರ್ಸಿನ ಕ್ಯೂಪಿ ಕೋಡ್ (ಯಾವ ಕೆಲಸದ ಕೋರ್ಸ್ ಎಂದು ಗುರುತಿಸುವ ಸಂಕೇತ) ಮತ್ತು ಒಟ್ಟು ಗಂಟೆ, ಕೆಲಸ ಕೊಡುವ ಕಂಪನಿ ಯಾವುದು, ಸಂಬಳ ಎಷ್ಟು ಎಂಬ ಪತ್ರ. ಮೂರು ತಿಂಗಳ ಕೋರ್ಸ್ ಎಂದರೆ 576 ಗಂಟೆ, ದಿನಕ್ಕೆ 8 ಗಂಟೆಯಂತೆ 72 ದಿನ. "ಒಂದೂವರೆ ತಿಂಗಳಲ್ಲಿ ಮುಗಿಸಿ ಕೆಲಸಕ್ಕೆ ಹಾಕ್ತೀವಿ" ಎಂದರೆ ಕಲಿಸುವುದಿಲ್ಲ ಅಂತಲೇ ಅರ್ಥ. ಪತ್ರ ಹಿಡಿದು ಜಿಲ್ಲಾ ಪಂಚಾಯಿತಿಯ ಸಂಜೀವಿನಿ ಘಟಕದಲ್ಲಿ ವಿಚಾರಿಸಿ, ಅರ್ಧ ಗಂಟೆಯ ಕೆಲಸ.

ಇನ್ನು ಯಾರೂ ಲೆಕ್ಕ ಹಾಕದ ವಿಷಯ. ಹುಡುಗರು ವಾಪಸ್ ಬರುವುದು ಕೆಲಸ ಬಾರದೆ ಅಲ್ಲ, ಮೊದಲ ಎರಡು ತಿಂಗಳ ದುಡ್ಡಿಗೆ. ಸಂಬಳ 15,000, ಅದರಲ್ಲಿ ಮೂಲ ವೇತನ ಮತ್ತು ಡಿಎ ಸೇರಿ 12,000 ಇದ್ದರೆ ಪಿಎಫ್ ಶೇ. 12ರಂತೆ 1,440, ಇಎಸ್ಐ ಶೇ. 0.75ರಂತೆ 113 ಹೋಗಿ ಕೈಗೆ 13,447. ಹಂಚಿಕೊಂಡ ರೂಮು, ಊಟಕ್ಕೆ 6,000 ಹಿಡಿದರೂ ಉಳಿಯುವುದು ಏಳೂವರೆ ಸಾವಿರದೊಳಗೆ. ಇದು ಸುಗಮವಾಗಿ ನಡೆದಾಗ. ತಿಂಗಳ 3ರಂದು ಸೇರಿದವನಿಗೆ ಮೊದಲ ಸಂಬಳ ಬರುವುದು ಮುಂದಿನ ತಿಂಗಳು 7 ಅಥವಾ 10ಕ್ಕೆ. ಅಲ್ಲಿಯವರೆಗೆ ರೂಮಿನ ಅಡ್ವಾನ್ಸ್, ಊಟ, ಬಸ್ಸು ಎಲ್ಲ ಜೇಬಿನಿಂದ. ಯೋಜನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ 1,000ದಂತೆ ನೆರವಿದೆ: ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗೆ 3, ಹೊರರಾಜ್ಯಕ್ಕೆ 6. ಆದರೆ ಅದು ಕೈಸೇರುವುದು ತಡ. ಆದ್ದರಿಂದ ಹೊರಡುವಾಗ ಕೈಯಲ್ಲಿ ಎಂಟು ಸಾವಿರವಾದರೂ ಇರಬೇಕು, ಇಲ್ಲವೇ ಮೊದಲ ತಿಂಗಳು ಕಂಪನಿ ಹಾಸ್ಟೆಲ್ ಇರುವ ಕಡೆಗಷ್ಟೇ ಕಳಿಸಿ. ತಾಯಿಯ ಸಂಘದಿಂದ ಸಣ್ಣ ಸಾಲ ತೆಗೆಸುವುದು ನನ್ನ ಪ್ರಕಾರ ತರಬೇತಿಯಷ್ಟೇ ಮುಖ್ಯವಾದ ಸಿದ್ಧತೆ.

---

ವರ್ಕ್‌ಶಾಪ್ ಮೇಷ್ಟ್ರು ಉತ್ತರ:

ಎಸ್ಸೆಸ್ಸೆಲ್ಸಿ ಉಳಿಸಿಕೊಂಡವರ ಬಗ್ಗೆ ಹೇಳುತ್ತೇನೆ. ಒಂದೆರಡು ವಿಷಯ ಮಾತ್ರ ಬಾಕಿ ಇದ್ದರೆ ಅದನ್ನು ಮುಗಿಸುವುದೇ ಮೊದಲ ಕೆಲಸ. ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕವೇ ಪುನರಾವರ್ತಿತ ಅಭ್ಯರ್ಥಿಯಾಗಿ ಅರ್ಜಿ, ಉಳಿದ ವಿಷಯಕ್ಕೆ ಮಾತ್ರ ಶುಲ್ಕ. ಈಗ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುವುದರಿಂದ ವರ್ಷವಿಡೀ ಕಾಯಬೇಕಿಲ್ಲ.

ಏಳು, ಎಂಟು, ಒಂಬತ್ತಕ್ಕೇ ಬಿಟ್ಟವರಿಗೆ ಎನ್ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಇದೆ. ಐದು ವಿಷಯ, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಇಲ್ಲಿ ಒಂದು ಗುಂಡಿ ಇದೆ, ದಯವಿಟ್ಟು ಗಮನಿಸಿ. ಎನ್ಐಒಎಸ್‌ನಲ್ಲಿ ಗಣಿತ ಇಲ್ಲದೆಯೂ ಹತ್ತನೇ ತರಗತಿ ಪಾಸಾಗಬಹುದು, "ಸುಲಭ ಆಗುತ್ತೆ" ಅಂತ ಗಣಿತ ಕೈಬಿಡಿಸುವವರೂ ಇದ್ದಾರೆ. ಆದರೆ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಹತ್ತರಲ್ಲಿ ಗಣಿತ ಮತ್ತು ವಿಜ್ಞಾನ ಓದಿರಬೇಕು. ಅಂದು ಬಿಟ್ಟ ಗಣಿತ ಎರಡು ವರ್ಷ ಆದ ಮೇಲೆ ಬಾಗಿಲಲ್ಲಿ ನಿಲ್ಲಿಸುತ್ತದೆ. ಹುಡುಗನಿಗೆ ಟ್ರೇಡಿನ ಆಸೆ ಇದ್ದರೆ ಗಣಿತ ತೆಗೆದುಕೊಂಡೇ ಬರೆಯಲಿ.

ಪಾಸಾಗುವವರೆಗೆ ಸುಮ್ಮನೆ ಕೂರಬೇಕೆಂದಿಲ್ಲ. ಎಂಟನೇ ತರಗತಿ ಪಾಸಾದವರಿಗೂ ತೆರೆದಿರುವ ಟ್ರೇಡುಗಳಿವೆ: ವೆಲ್ಡರ್ ಮತ್ತು ಪ್ಲಂಬರ್ ಒಂದು ವರ್ಷ, ವೈರ್‌ಮನ್ ಎರಡು ವರ್ಷ. ನನ್ನ ಆಯ್ಕೆ ವೆಲ್ಡರ್. ಆದರೆ ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ, ಪ್ಲೇಟ್ ಕೊಟ್ಟು ಬೆಸೆಯಲು ಹೇಳುತ್ತಾರೆ. ಸಮತಲದಲ್ಲಿ ಚೆನ್ನಾಗಿ ಮಾಡುವವರು ನೂರಾರು ಜನ. ನಿಲುವಿನಲ್ಲಿ ಕೆಳಗಿನಿಂದ ಮೇಲಕ್ಕೆ ಬೆಸೆಯುವ 3ಜಿ ಪರೀಕ್ಷೆಯಲ್ಲಿ ಮುಕ್ಕಾಲು ಜನ ಎಡವುವುದು ಒಂದೇ ಕಾರಣಕ್ಕೆ: ಕರೆಂಟ್ ಜಾಸ್ತಿ ಇಟ್ಟು, ಕರಗಿದ ಲೋಹ ಕೆಳಗೆ ಜಾರುತ್ತದೆ. ಆ ಅಭ್ಯಾಸಕ್ಕೆ ಎಲೆಕ್ಟ್ರೋಡ್ (ಬೆಸೆಯುವ ಕಡ್ಡಿ) ಸುಡಲೇಬೇಕು. ಹಾಗಾಗಿ ಸಂಸ್ಥೆ ನೋಡಲು ಹೋದಾಗ ಕಟ್ಟಡ ನೋಡಬೇಡಿ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಎಲೆಕ್ಟ್ರೋಡ್ ಕೊಡುತ್ತೀರಿ, ಮಿಗ್, ಟಿಗ್ ಎಂಬ ಬೇರೆ ಬಗೆಯ ವೆಲ್ಡಿಂಗ್ ಯಂತ್ರ ಓಡುತ್ತವೆಯೇ, ಮೂಲೆಯಲ್ಲಿ ತುಂಡು ಪ್ಲೇಟುಗಳ ರಾಶಿ ಇದೆಯೇ ನೋಡಿ. ರಾಶಿ ಇಲ್ಲದ ಕಡೆ ಅಭ್ಯಾಸವೂ ಇಲ್ಲ.

ಹಾಜರಿ ಶೇ. 80ಕ್ಕಿಂತ ಕಡಿಮೆಯಾದರೆ ಅಂತಿಮ ಪರೀಕ್ಷೆಗೆ ಕೂರಿಸುವುದಿಲ್ಲ. ಭತ್ತದ ನಾಟಿ, ಕಟಾವಿಗೆ ಅಂತ ಹದಿನೈದು ದಿನ ಊರಿಗೆ ಬಂದು ಕೂರುವ ರೂಢಿ ಇರುವ ಕಡೆ ಇದನ್ನು ಮನೆಯವರಿಗೂ ಮುಂಚೆಯೇ ಹೇಳಬೇಕು.

ಸಾಧ್ಯವಾದವರಿಗೆ ಇನ್ನೊಂದು: ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಹುಡುಗಿಯರಿಗೆ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ, ಮೂರು ವರ್ಷ ಓದು ಮತ್ತು ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಕಲ್ಯಾಣ ಕರ್ನಾಟಕದಲ್ಲೂ ಕೇಂದ್ರಗಳಿವೆ. ನಿಮ್ಮ ಕಡೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಲಿ. ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ಪ್ರವೇಶದ ವಾರದಲ್ಲಿ ಓಡಿದರೆ ಸಿಗುವುದಿಲ್ಲ.

---

ಅಪ್ರೆಂಟಿಸ್ ಕಡತ ಉತ್ತರ:

ಐಟಿಐ ಮುಗಿಸಿ ಕೂತ ಐದಾರು ಮಂದಿ ನಿಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಬೇಗ ದುಡಿಮೆಗೆ ಹತ್ತಬಲ್ಲವರು. ಅವರಿಗೆ ಮತ್ತೊಂದು ಮೂರು ತಿಂಗಳ ಕೋರ್ಸ್ ಬೇಡ. ನೇರವಾಗಿ ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲೇ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವುದು.

1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನೀವು ದಯೆ ಬೇಡುತ್ತಿಲ್ಲ, ಕಂಪನಿಗೂ ಜನ ಬೇಕು. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ 7,000, ಹತ್ತು ಪಾಸಾದವರಿಗೆ 6,000. ಅದಕ್ಕಿಂತ ಕಡಿಮೆ ಬರೆದ ಕರಾರಿಗೆ ಸಹಿ ಬೇಡ. ಎನ್ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ) ಯೋಜನೆಯಲ್ಲಿ ಸರ್ಕಾರ ಅದರ ಶೇ. 25, ಗರಿಷ್ಠ 1,500 ರೂಪಾಯಿಯನ್ನು ನೇರ ಅಭ್ಯರ್ಥಿಯ ಖಾತೆಗೆ ಹಾಕುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ಆಧಾರ್‌ನಲ್ಲಿ "ಬಸವರಾಜ", ಅಂಕಪಟ್ಟಿಯಲ್ಲಿ "ಬಸವರಾಜ್ ತಂದೆ ಇಂಥವರು" ಎಂದಿದ್ದರೆ ಅಪ್ರೆಂಟಿಸ್ ನೋಂದಣಿಯ ಪೋರ್ಟಲ್ ಒಪ್ಪುವುದಿಲ್ಲ. ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸಿ, ತಿರುಗಾಮುರುಗಾ ಅಲ್ಲ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಬಹುದು, ಅವಸರದಲ್ಲಿ ತಪ್ಪು ಬರೆಸಿದರೆ ಕಷ್ಟ. ಫೋನ್ ನಂಬರ್ ಹುಡುಗನದೇ ಇರಲಿ, ಅಣ್ಣನ ನಂಬರಿಗೆ ಓಟಿಪಿ ಹೋಗಿ ಅರ್ಜಿ ನಿಂತುಬಿಡುತ್ತದೆ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಈ ಖಾತೆಗೇ ಎಂಬ ದಾಖಲೆ) ಆಗಿದೆಯೇ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ.

ಸೇರಿದ ಮೇಲೆ ಪೋರ್ಟಲ್‌ನಲ್ಲಿ ಕರಾರು ಇದೆಯೇ, ಟ್ರೇಡ್ ಹೆಸರು ಸರಿ ಇದೆಯೇ ನೋಡಿಕೊಳ್ಳಬೇಕು. ಕರಾರೇ ಇಲ್ಲದೆ "ಟ್ರೈನಿ" ಅಂತ ಇಟ್ಟುಕೊಂಡರೆ ವರ್ಷದ ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಬರುವುದಿಲ್ಲ, ಆ ವರ್ಷ ನೀರಿಗೆ ಹೋದಂತೆ. ಆ ಪ್ರಮಾಣಪತ್ರದ ಬೆಲೆ ಎಷ್ಟೆಂದರೆ, ರೈಲ್ವೆಯ ಲೆವೆಲ್ 1 (ಮೊದಲ ವೇತನ ಶ್ರೇಣಿ) ನೇಮಕಾತಿಯಲ್ಲಿ ಶೇ. 20 ಹುದ್ದೆಗಳು ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ನೈರುತ್ಯ ರೈಲ್ವೆ ಅಪ್ರೆಂಟಿಸ್ ಆಯ್ಕೆಗೆ ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ಪಟ್ಟಿ. ವಯಸ್ಸು ಸಾಮಾನ್ಯ ವರ್ಗಕ್ಕೆ 24ರವರೆಗೆ, ಆದ್ದರಿಂದ ಪಟ್ಟಿಯಲ್ಲಿ ವಯಸ್ಸು ಹೆಚ್ಚಾದವರಿಂದಲೇ ಅರ್ಜಿ ಹಾಕಿಸಲು ಶುರು ಮಾಡಿ.

ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗುವ ಫಿಟ್ಟರ್ ಎರಡು ಅಭ್ಯಾಸ ಮಾಡಿಕೊಂಡು ಹೋಗಲಿ: 0.02 ಮಿ.ಮೀ. ವರ್ನಿಯರ್ ಮತ್ತು 0.01 ಮಿ.ಮೀ. ಮೈಕ್ರೊಮೀಟರ್ ಓದುವುದು, ಒಂದು ಸರಳ ಡ್ರಾಯಿಂಗ್ ನೋಡಿ ಅಳತೆ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಹೇಳುವುದು. ಎರಡು ವರ್ಷ ಓದಿದವರು ಇಲ್ಲೇ ತಡವರಿಸಿ ನಿಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ವರ್ನಿಯರ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಗ್ರಂಥಾಲಯದಲ್ಲೇ ಇಟ್ಟು ಬಿಡಿ.

---

ಅರಿವು ಕೇಂದ್ರ, ಸಿಂಧನೂರು ತಾಲ್ಲೂಕು ಮರುಪ್ರಶ್ನೆ:

ತುಂಬಾ ಉಪಕಾರವಾಯಿತು. ಮಂಜೂರಾತಿ ಪತ್ರ ಕೇಳಿದ್ದಕ್ಕೆ ಆ ವ್ಯಕ್ತಿ ಫೋನ್ ಎತ್ತುತ್ತಿಲ್ಲ. ಹಾಗಾದರೆ ಊರು ಬಿಡಲಾಗದ ಹೆಣ್ಣುಮಕ್ಕಳು, ಹೊಲ ನೋಡಿಕೊಂಡೇ ಏನಾದರೂ ಮಾಡಬೇಕೆನ್ನುವ ಹುಡುಗರಿಗೆ ಏನು?

---

ಸಾಲ ಮತ್ತು ಸಲಹೆ ಉತ್ತರ:

ಅವರಿಗೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್‌ನ ಮಾದರಿಯೇ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಈ ಸಂಸ್ಥೆಗಳು. ಊಟ, ವಸತಿ ಉಚಿತ, ಕೋರ್ಸಿಗೆ ತಕ್ಕಂತೆ ಕೆಲವು ದಿನದಿಂದ ಒಂದೂವರೆ ತಿಂಗಳವರೆಗೆ, ಆಮೇಲೆ ಎರಡು ವರ್ಷ ಅವರೇ ಬೆನ್ನಿಗಿರುತ್ತಾರೆ. ಹೆಚ್ಚೆಂದರೆ ಒಂದೂವರೆ ತಿಂಗಳಷ್ಟೇ ಆದ್ದರಿಂದ, ಜಿಲ್ಲಾ ಕೇಂದ್ರದಲ್ಲೇ ಇರುವುದರಿಂದ ಮನೆಯವರು ಒಪ್ಪುತ್ತಾರೆ. ತಾಯಂದಿರನ್ನು ಒಮ್ಮೆ ಕರೆದೊಯ್ದು ಹಾಸ್ಟೆಲ್ ತೋರಿಸಿ, ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಕೋರ್ಸ್ ಆರಿಸುವಾಗ ಊರಿನ ಗಿರಾಕಿ ನೋಡಿ. ಒಂದೇ ಊರಿನಿಂದ ಹತ್ತು ಜನ ಟೈಲರಿಂಗ್ ಕಲಿತರೆ ಹತ್ತೂ ಯಂತ್ರ ಮೂಲೆ ಸೇರುತ್ತವೆ. ಇಬ್ಬರು ಬ್ಲೌಸ್, ಇಬ್ಬರು ಶಾಲಾ ಸಮವಸ್ತ್ರ ಹಿಡಿದು ಸಂಘದ ಮೂಲಕ ಆರ್ಡರ್ ತೆಗೆದುಕೊಂಡರೆ ನಿಲ್ಲಬಹುದು. ಹುಡುಗರಿಗೆ ನಿಮ್ಮ ಭಾಗದಲ್ಲಿ ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಮೂರು ಫೇಸಿನಲ್ಲಿ ಒಂದು ಹೋದಾಗ, ವೋಲ್ಟೇಜ್ ಬಿದ್ದಾಗ ಮೋಟಾರ್ ಸುಡುವುದು ನಿಲ್ಲುವುದಿಲ್ಲ. ಸುತ್ತಿ ಕೊಡುವುದರ ಜೊತೆಗೆ ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಹಾಕಿಕೊಡುವವನ ಹತ್ತಿರ ರೈತ ಮತ್ತೆ ಬರುತ್ತಾನೆ. ಸುತ್ತಿದ ಮೇಲೆ ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡದೆ ಬಾವಿಗೆ ಇಳಿಸಬಾರದು, ವಾರದಲ್ಲಿ ಮತ್ತೆ ಸುಟ್ಟರೆ ಹೆಸರೂ ಸುಡುತ್ತದೆ. ಇನ್ನೊಂದು ಕಷ್ಟ, ರೈತ ದುಡ್ಡು ಕೊಡುವುದು ಭತ್ತ ಮಾರಿದ ಮೇಲೆ. ತಂತಿಗೆ ಮಾತ್ರ ಅಂಗಡಿಯವನು ಇವತ್ತೇ ಕೇಳುತ್ತಾನೆ. ತಂತಿಯ ಹಣ ಮುಂಗಡ, ಕೂಲಿ ಮಾತ್ರ ಉದ್ದರಿ ಎಂಬ ನಿಯಮವನ್ನು ಮೊದಲ ದಿನದಿಂದಲೇ ಹಿಡಿಯಲಿ.

ಸಾಲಕ್ಕೆ, ಸಣ್ಣದಾಗಿ ಶುರು ಮಾಡುವವರಿಗೆ ಮುದ್ರಾ ಶಿಶು, 50,000ದವರೆಗೆ. ದೊಡ್ಡದಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ): ಸೇವಾ ಘಟಕಕ್ಕೆ 20 ಲಕ್ಷದವರೆಗೆ. ಗ್ರಾಮೀಣ ಪ್ರದೇಶದಲ್ಲಿ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಶೇ. 35 ಸಬ್ಸಿಡಿ, ಸ್ವಂತದ್ದು ಶೇ. 5. ಆ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ತಿಳಿಯದೆ ಕಂತು ನಿಲ್ಲಿಸಿದವರ ಹೆಸರು ಸಿಬಿಲ್‌ನಲ್ಲಿ ಕೆಟ್ಟು, ಮುಂದೆ ಬೆಳೆ ಸಾಲಕ್ಕೂ ತೊಂದರೆಯಾಗುತ್ತದೆ. ಸೇವಾ ಘಟಕ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ತರಬೇತಿ ಮುಗಿದ ತಿಂಗಳೊಳಗೆ, ಆರ್‌ಸೆಟಿ ನಿರ್ದೇಶಕರು ಇನ್ನೂ ಹುಡುಗನ ಹೆಸರು ಮರೆಯುವ ಮುಂಚೆ, ಅವರ ಶಿಫಾರಸಿನೊಂದಿಗೆ ಅರ್ಜಿ ಬ್ಯಾಂಕಿಗೆ ಹೋಗಲಿ.

---

ವರ್ಕ್‌ಶಾಪ್ ಮೇಷ್ಟ್ರು ಉತ್ತರ:

ಒಂದು ಸೇರ್ಪಡೆ. ಪಿಯುಸಿಗೆ ನಿಂತ ಹುಡುಗಿಯರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡಿ. ಗಣಿತ, ವಿಜ್ಞಾನದಲ್ಲಿ ಚೆನ್ನಾಗಿದ್ದವರನ್ನು ಹೊಲಿಗೆಗೆ ತಳ್ಳಬೇಡಿ. ತಾಲ್ಲೂಕಿನ ಸರ್ಕಾರಿ ಐಟಿಐಗೆ ಬಸ್ಸಿನಲ್ಲಿ ಹೋಗಿ ಬರಬಹುದು, ಎಲೆಕ್ಟ್ರಿಷಿಯನ್ ಎರಡು ವರ್ಷ ಮುಗಿಸಿದರೆ ಡಿಪ್ಲೊಮಾಗೆ ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈ ತಿಂಗಳೇ ಅರ್ಜಿ ಹಾಕಿಸಿ, ಆ ಪ್ರಮಾಣಪತ್ರಗಳ ಆರ್‌ಡಿ ನಂಬರ್‌ಗಳನ್ನು ನಿಮ್ಮ ರಿಜಿಸ್ಟರಿನಲ್ಲಿ ಬರೆದಿಡಿ.