ಪದ ಬೇಕು (ತುರ್ತು): ಟೋಶಂಟ್. 'ವರ್ಗರಹಿತ' ಸರಿಯೇ?

ನಮಸ್ಕಾರ. ಗಣಿತ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಸಂಖ್ಯೆ 22,30,92,870. ಅದು 2ರಿಂದ 23ರವರೆಗಿನ ಒಂಬತ್ತು ಅವಿಭಾಜ್ಯಗಳ ಗುಣಲಬ್ಧ, ಅಪವರ್ತನಗಳು 512. ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲ ಅನ್ನುವುದಕ್ಕೆ 'ವರ್ಗರಹಿತ ಸಂಖ್ಯೆ' ಎಂದಿದ್ದೇನೆ. ಸಿಕ್ಕಿಬಿದ್ದಿರುವುದು ಟೋಶಂಟ್‌ನಲ್ಲಿ. 1ರಿಂದ ಆ ಸಂಖ್ಯೆಯವರೆಗೆ, ಅದರ ಜೊತೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವೇ ಇಲ್ಲದವು ಎಷ್ಟು ಎಂಬ ಲೆಕ್ಕ ಅದು (1 ಆದಮೇಲೆ ಮೊದಲು ಸಿಗುವುದು 29). ಇಲ್ಲಿ ಉತ್ತರ 3,64,95,360. ಒಂದೇ ಸಾಲಿನ ಜಾಗ ಇದೆ.
— ವ.

'ವರ್ಗರಹಿತ' ಬೇಡ, ಓದಿದವರಿಗೆ ಸಮಾಜವಾದ ನೆನಪಾಗುತ್ತದೆ. ಮೇಲಾಗಿ 1 ಕೂಡ ವರ್ಗವೇ, ಅದು ಯಾವ ಸಂಖ್ಯೆಯನ್ನೂ ಬಿಟ್ಟಿಲ್ಲ.
ಟೋಶಂಟ್ ಪದವನ್ನು ಗಣಿತಜ್ಞ ಸಿಲ್ವೆಸ್ಟರ್ 1879ರಲ್ಲಿ ಕಟ್ಟಿದ್ದು, ಲ್ಯಾಟಿನ್ನಿನ 'ಟಾಟ್' ಅಂದರೆ 'ಅಷ್ಟು' ಎಂಬುದರಿಂದ. ಸಂಸ್ಕೃತದ 'ತತಿ'ಗೂ ಅದಕ್ಕೂ ಮೂಲ ಒಂದೇ. ಕತಿ–ತತಿ (ಎಷ್ಟು–ಅಷ್ಟು) ಜೋಡಿ ನೋಡಿ. 'ಕತಿಪಯ' (ಕೆಲವು) ನಮ್ಮಲ್ಲೇ ಇದೆ. ಹಾಗಾಗಿ 'ತತಿಸಂಖ್ಯೆ'. ಇದಕ್ಕಿಂತ ಒಪ್ಪುವ ಪದ ಸಿಗಲಾರದು.
— ರಾ.

ತತಿ ಅಂದರೆ ಕನ್ನಡಿಗರಿಗೆ ಸಾಲು, ಗುಂಪು. ನಡೆಯದು. 'ಅಷ್ಟು' ಬೇಕಿದ್ದರೆ ಇನಿತು, ಅನಿತು, ಎನಿತು ಮನೆಯಲ್ಲೇ ಇವೆ. 'ಅನಿತೆಣಿಕೆ' ಅನ್ನಿ. 'ಅವಿಭಾಜ್ಯ'ವೂ ತಪ್ಪೇ, 7ನ್ನು 7ರಿಂದ ಭಾಗಿಸಬಹುದಲ್ಲ. ಅದು 'ಒಡೆಯದೆಣಿ' ಆಗಬೇಕು.
— ಹೊ.

ಒಡೆಯದೆಣಿ! ಗಟ್ಟಿಮುಟ್ಟಾದ ಏಣಿ ಅಂದುಕೊಂಡಾರು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಹೇಳಿದವನು. ಅವನ ಕೃತಿಗಳ ಹೆಸರು ವ್ಯವಹಾರಗಣಿತ, ಕ್ಷೇತ್ರಗಣಿತ. ಅವನಿಗೆ ಕನ್ನಡ ಬರುತ್ತಿರಲಿಲ್ಲವೇ?
— ರಾ.

ಬರುತ್ತಿತ್ತು. ನಿಮ್ಮ ಹಾಗೆ ಲ್ಯಾಟಿನ್ ಬರುತ್ತಿರಲಿಲ್ಲ, ಬದುಕಿದ.
— ಹೊ.

ಸಂಸ್ಕೃತದಿಂದ ಪದ ಸಾಲ ತರಬೇಕೋ ಬೇಡವೋ ಅನ್ನುವ ಜಗಳ ಈ ಚರ್ಚಾಪಟ್ಟಿಯಲ್ಲಿ ಎಷ್ಟನೇ ಸಲವೋ. ಪಾಪ, ಅವರ ಫಲಕ ಕಾಯುತ್ತಿದೆ. ಆಯ್ಲರ್ 18ನೇ ಶತಮಾನದಲ್ಲೇ ಈ ಲೆಕ್ಕ ಮಾಡಿದ್ದ, ಗಾಸ್ 1801ರಲ್ಲಿ ಅದರ ಗುರುತಾಗಿ ಫೈ (φ) ಎಂಬ ಗ್ರೀಕ್ ಅಕ್ಷರ ಕೊಟ್ಟ. ಸಿಲ್ವೆಸ್ಟರ್ ಬರುವವರೆಗೆ ಟೋಶಂಟ್ ಎಂಬ ಹೆಸರಿಲ್ಲದೆಯೇ ನಡೆದಿತ್ತಲ್ಲ? 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳಿಗೆ ಫಲಕ ಓದುವ ಮಕ್ಕಳು ಶಾಲೆಯಲ್ಲಿ 'ಸಹ ಅವಿಭಾಜ್ಯ' ಎಂದು ಕಲಿತಿರುತ್ತಾರೆ. 'ಸಹ ಅವಿಭಾಜ್ಯಗಳ ಎಣಿಕೆ' ಅಂದರೆ ಮುಗಿಯಿತು.
— ಮ.

ಸಂಸ್ಕೃತದ ಬಾಲಕ್ಕೆ ಕನ್ನಡದ ಎಣಿಕೆ. ಶುದ್ಧ ಅರಿಸಮಾಸ.
— ರಾ.

ನಡುವೆ 'ಗಳ' ಇದೆ. ಸಮಾಸವೇ ಅಲ್ಲ.
— ಮ.

'ಸಹ ಅವಿಭಾಜ್ಯಗಳ ಎಣಿಕೆ: 3,64,95,360' ಎಂದು ಕಳಿಸಿಬಿಟ್ಟೆ. 'ವರ್ಗರಹಿತ' ತೆಗೆದು 'ಯಾವ ಅವಿಭಾಜ್ಯವೂ ಎರಡು ಸಲ ಬರುವುದಿಲ್ಲ' ಎಂದೇ ಬರೆದೆ. ಎಲ್ಲರಿಗೂ ವಂದನೆ.
— ವ.

'ಬರದು' ಅಂದಿದ್ದರೆ ಜಾಗ ಉಳಿಯುತ್ತಿತ್ತು.
— ಹೊ.