‘ಗಾಡಿ ಎತ್ತು’ ಅಂದರೆ ಯಾರು ಎತ್ತಬೇಕು? ‘ಜಾಕ್ ಮೋಡ್’ಗೆ ಕನ್ನಡದ ಮಾತು ಬೇಕು

ಗೆಳೆಯರೇ, ನಮಸ್ಕಾರ.

ವಿಜಯಪುರದಲ್ಲಿ ನನ್ನ ತಮ್ಮನ ಗ್ಯಾರೇಜ್ ಇದೆ. ಅದರ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಏರ್ ಸಸ್ಪೆನ್ಷನ್ (ಗಾಳಿಯ ಬಲದಿಂದ ಗಾಡಿಯನ್ನು ಹೊತ್ತು, ಅದರ ಎತ್ತರ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ) ಇರುವ ದೊಡ್ಡ ಗಾಡಿಗಳ ಟೈರ್ ಬದಲಿಸುವಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಅದರ ವಿಷಯ. ಎರಡು ವಾರದಿಂದ ಎರಡನೇ ಸಾಲಿನಲ್ಲೇ ನಿಂತಿದ್ದೇನೆ. ತೊಡಕು ಇರುವುದು ‘ಎತ್ತು’ ಅನ್ನುವ ಒಂದು ಕ್ರಿಯಾಪದದಲ್ಲಿ.

ಇದು ಸುಮ್ನೆ ಹುಟ್ಟಿದ ಪ್ರಶ್ನೆಯಲ್ಲ. ಹೋದ ಬೇಸಿಗೆಯಲ್ಲಿ ಬಾಗಲಕೋಟೆಯಿಂದ ವಾಪಸ್ ಬರುತ್ತಿದ್ದೆವು. ಕೊಲ್ಹಾರದ ಸೇತುವೆ ದಾಟಿ, ಮೊಸರಿನ ಗಡಿಗೆ ಕೊಂಡು ಹೊರಟ ಸ್ವಲ್ಪ ಹೊತ್ತಿಗೇ ಹಿಂದಿನ ಬಲಗಾಲಿ ಪಂಚರ್ ಆಯಿತು. ಒಳಗೆ ವಯಸ್ಸಾದವರು ಕೂತಿದ್ದರು, ಎಸಿ ಬೇಕಲ್ಲ ಅಂತ ಎಂಜಿನ್ ಚಾಲೂ ಇತ್ತು. ಅದೇ ಮೊದಲ ತಪ್ಪು. ಜೊತೆಗಿದ್ದ ಹುಡುಗ ಜಾಕ್ ಇಟ್ಟು, ಅದರ ತಲೆ ಗಾಡಿಗೆ ತಾಗುವವರೆಗೆ ತಿರುಗಿಸಿದ. ನಾನು ಹಿಂದಿನಿಂದ ‘ಹ್ಞಾಂ, ಎತ್ತಪ್ಪಾ’ ಅಂದೆ. ಹೇಳಿದ್ದು ಹುಡುಗನಿಗೆ. ಕೇಳಿಸಿದ್ದು ಸೀಟಿನಲ್ಲಿದ್ದ ಡ್ರೈವರಿಗೆ. ಅವರು ಎತ್ತರ ಹೆಚ್ಚಿಸುವ ಗುಂಡಿ ಒತ್ತಿದರು. ಗಾಡಿ ತಾನೇ ಮೇಲೆದ್ದಿತು. ಜಾಕ್ ಸಡಿಲಾಗಿ ವಾಲಿ ಬಿದ್ದಿತು. ಹುಡುಗನ ಕೈ ಹೊರಗಿತ್ತು, ಬಚಾವಾದ. ಅವರು ಇಳಿಸುವ ಗುಂಡಿ ಒತ್ತಿದ್ದರೆ ಏನಾಗುತ್ತಿತ್ತು ಅನ್ನುವುದು ಈಗಲೂ ಮನಸ್ಸಿನಿಂದ ಹೋಗಿಲ್ಲ.

ಮಾಮೂಲಿ ಗಾಡಿಯಲ್ಲಿ ‘ಎತ್ತು’ ಅಂದರೆ ಗೊಂದಲವೇ ಇಲ್ಲ. ಉಕ್ಕಿನ ಸ್ಪ್ರಿಂಗಿಗೆ ತಾನಾಗಿ ಏಳಲು ಬರುವುದಿಲ್ಲ. ಈ ಗಾಡಿಗಳಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಗಾಳಿ ತುಂಬಲು ಕಂಪ್ರೆಸರ್, ಬಿಡಲು ವಾಲ್ವ್. ಗಾಲಿಯಿಂದ ಬಾಡಿ ಎಷ್ಟು ಎತ್ತರದಲ್ಲಿದೆ ಅಂತ ಅಳೆಯಲು ಸೆನ್ಸರ್. ಸೆನ್ಸರಿಗೆ ಗೊತ್ತಿರುವುದು ಆ ಅಂತರ ಮಾತ್ರ. ಕೆಳಗೆ ಜಾಕ್ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಜಾಕ್ ಎತ್ತಿದಾಗ ಗಾಲಿ ಕೆಳಗೆ ಜೋತು ಬೀಳುತ್ತದೆ. ‘ಗಾಡಿ ಜಾಸ್ತಿ ಎತ್ತರ ಆಯಿತು’ ಅಂತ ಅದು ತಿಳಿದು ಗಾಳಿ ಬಿಡಲು ಶುರು ಮಾಡಬಹುದು. ಆಗ ಗಾಡಿ ಜಾಕ್ ಮೇಲೆ ಕದಲಬಹುದು. ಗಾಳಿಯಿಲ್ಲದೆ ಎಳೆದುಕೊಂಡ ಚೀಲ, ಮತ್ತೆ ಕೆಳಗಿಳಿಸುವಾಗ ಮಡಚಿ ಸಿಕ್ಕಿಕೊಂಡು ಹಾಳಾಗಬಹುದು. ಕೆಲವು ಗಾಡಿಗಳಲ್ಲಿ ಕೀಲಿ ತೆಗೆದ ಮೇಲೂ ಈ ವ್ಯವಸ್ಥೆ ಸ್ವಲ್ಪ ಹೊತ್ತು ಎಚ್ಚರ ಇರುತ್ತದೆ.

ಅದಕ್ಕೇ ತಯಾರಕರು ಇದನ್ನು ನಿಲ್ಲಿಸಲು ಒಂದು ಆಯ್ಕೆ ಕೊಟ್ಟಿರುತ್ತಾರೆ. ಟೆಸ್ಲಾದಲ್ಲಿ, ಆಡಿಯಲ್ಲಿ, ಜೀಪಿನಲ್ಲಿ ಅದರ ಹೆಸರಿನಲ್ಲಿ ‘ಜಾಕ್ ಮೋಡ್’ ಅನ್ನುವ ಮಾತು ಇದೆ. ವೋಲ್ವೋದಲ್ಲಿ ಮಾತ್ರ ‘ಲೆವೆಲಿಂಗ್ ಕಂಟ್ರೋಲ್ ನಿಲ್ಲಿಸು’ ಅನ್ನುವ ಅರ್ಥದ ಹೆಸರು. ನನ್ನ ಪ್ರಕಾರ ವೋಲ್ವೋದವರ ಹೆಸರೇ ಸರಿ. ‘ಜಾಕ್ ಮೋಡ್’ ಅಂತ ಕೇಳಿದವರಿಗೆ ಗಾಡಿ ತನ್ನನ್ನು ತಾನೇ ಜಾಕ್ ಮಾಡಿಕೊಳ್ಳುತ್ತದೆ ಅನ್ನಿಸುತ್ತದೆ. ಆ ಡ್ರೈವರೂ ಆಮೇಲೆ ಹಾಗೇ ಹೇಳಿದರು. ನಿಜವಾಗಿ ಅದು ಏನನ್ನೂ ಎತ್ತುವುದಿಲ್ಲ. ಏಳಬೇಡ, ಇಳಿಯಬೇಡ, ಇದ್ದ ಹಾಗೇ ಇರು ಅಂತ ಗಾಡಿಗೆ ಹೇಳುತ್ತದೆ, ಅಷ್ಟೇ.

ಇದಕ್ಕೆ ಒಳ್ಳೆಯ ಮಾತು ಸಿಕ್ಕಿದ್ದು ಬೆಳಗಾವಿಯ ಒಬ್ಬ ಮೆಕ್ಯಾನಿಕ್ ಬಾಯಲ್ಲಿ. ‘ಮೊದ್ಲ ಗಾಡಿ ಗಪ್ ಕೂಡಸ್ರಿ, ಆಮ್ಯಾಲೆ ಜಾಕ್ ಹಚ್ರಿ’ ಅಂದರು. ಗಪ್! ನಮ್ಮ ಕಡೆ ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ಮಾತು. ಮರಾಠಿಯಿಂದ ಬಂದದ್ದಾದರೂ ಈಗ ನಮ್ಮದೇ. ತಾನಾಗಿ ಕದಲುವ ವಸ್ತುವಿಗೆ ಮಾತ್ರ ‘ಗಪ್ ಇರು’ ಅನ್ನಬಹುದು, ಕಲ್ಲಿಗೆ ಅನ್ನುವುದಿಲ್ಲ. ಗಾಡಿಗೆ ತನ್ನದೇ ಚಲನೆ ಇದೆ ಅನ್ನುವ ಎಚ್ಚರಿಕೆ ಆ ಪದದೊಳಗೇ ಇದೆ.

ಆದರೆ ‘ಕೂಡಿಸು’ ಸೇರಿಸಿದರೆ ಮತ್ತೆ ಅಪಾಯ. ಈ ಗಾಡಿಗಳು ಕೆಳಗಿಳಿದಾಗ ನಾವು ‘ಗಾಡಿ ಕುಂತೈತಿ’ ಅನ್ನುತ್ತೇವೆ. ‘ಗಪ್ ಕೂಡಿಸು’ ಅಂದರೆ ‘ಕೆಳಗಿಳಿಸು’ ಅಂತ ಯಾರಾದರೂ ತಿಳಿಯಬಹುದು, ಅಲ್ವಾ? ಹಾಗಾಗಿ ಸದ್ಯಕ್ಕೆ ‘ಗಪ್ ಮಾಡಿ’ ಅಂತ ಬರೆದಿದ್ದೇನೆ. ಮೈಸೂರು, ಮಂಗಳೂರು ಕಡೆಯವರಿಗೆ ಇದು ತಿಳಿಯುತ್ತದೆಯೇ? ‘ಸುಮ್ಮನಿರಿಸಿ’ ಅಂದರೆ ಎಲ್ಲರಿಗೂ ಆದೀತು. ಆದರೆ ಡ್ರೈವರಿಗೆ ಕೂಗಿ ಹೇಳಲು ಅದು ಉದ್ದ. ರಸ್ತೆ ಬದಿಯಲ್ಲಿ ಲಾರಿಗಳ ಸದ್ದಿನ ನಡುವೆ ಕೇಳಿಸಬೇಕಾದ ಮಾತು ಇದು.

ಇನ್ನು ‘ಎತ್ತು’. ಕನ್ನಡದಲ್ಲಿ ಒಂದು ಅನುಕೂಲ ಮೊದಲಿಂದಲೇ ಇದೆ. ಮಲಗಿದ ದನ ತಾನೇ ಏಳುತ್ತದೆ, ಮೂಟೆಯನ್ನು ನಾವು ಎತ್ತುತ್ತೇವೆ. ಗಾಡಿ ಗಾಳಿಯಿಂದ ಮೇಲೆ ಬಂದರೆ ‘ಏಳು’, ‘ಎಬ್ಬಿಸು’. ಜಾಕಿನಿಂದ ಬಂದರೆ ‘ಎತ್ತು’. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಗೊಂದಲ ಮುಕ್ಕಾಲು ಹೋಗುತ್ತದೆ. ಅನುವಾದವಾಗಿ ಬರುವ ಸೂಚನೆಗಳಲ್ಲಿ ಎರಡಕ್ಕೂ ‘ಏರಿಸಿ’ ಅಂತಲೇ ಬರೆದದ್ದನ್ನು ನೋಡಿದ್ದೇನೆ. ಅಲ್ಲಿಗೆ ಇದ್ದ ಭೇದವೂ ಹೋಯಿತು. ನನ್ನ ಪುಟದಲ್ಲಿ ‘ಏರಿಸಿ’ ಪದವೇ ಇಲ್ಲ.

ಜಾಕ್ ‘ಹಚ್ಚುವುದು’ ನಮ್ಮ ಕಡೆಯ ಬಳಕೆ. ಫೋನನ್ನೂ ಹಚ್ಚುತ್ತೇವೆ. ದಕ್ಷಿಣದ ಗೆಳೆಯರು ‘ಜಾಕ್ ಕೊಡು’ ಅನ್ನುತ್ತಾರೆ. ಇದರಲ್ಲಿ ತಕರಾರಿಲ್ಲ.

ಮುಂದಿನದು ಗಾಲಿ ಮತ್ತು ಗಾಳಿ. ಒಂದೇ ಅಕ್ಷರದ ವ್ಯತ್ಯಾಸ, ಎರಡೂ ಈ ಕೆಲಸದಲ್ಲಿ ಸಾಲು ಸಾಲಿಗೆ ಬರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ‘ಗಾಳಿ ಹೋಗೈತಿ’ ಅನ್ನುವುದು. ಟೈರಿನದೋ, ಸಸ್ಪೆನ್ಷನ್ನಿನದೋ? ಮೆಕ್ಯಾನಿಕ್‌ಗಳು ಸಸ್ಪೆನ್ಷನ್ ಚೀಲಕ್ಕೂ ‘ಏರ್ ಬ್ಯಾಗ್’ ಅನ್ನುತ್ತಾರೆ, ಸ್ಟೀರಿಂಗಿನಲ್ಲಿ ಇರುವುದಕ್ಕೂ ಅದನ್ನೇ ಅನ್ನುತ್ತಾರೆ. ‘ಏರ್ ಬ್ಯಾಗ್ ಒಡೆದಿದೆ’ ಅಂದರೆ ಮನೆಯವರು ಅಪಘಾತವಾಯಿತು ಅಂತ ಗಾಬರಿಯಾಗುತ್ತಾರೆ. ನನಗೆ ಹೊಳೆದದ್ದು ‘ತಿದಿ’. ಕಮ್ಮಾರನ ಕುಲುಮೆಯ ತಿದಿ. ಮಡಿಕೆ ಮಡಿಕೆಯಾಗಿ ಉಬ್ಬುವ, ಕುಗ್ಗುವ ಆ ಚರ್ಮದ ಚೀಲಕ್ಕೂ ಈ ರಬ್ಬರ್ ಚೀಲಕ್ಕೂ ನೋಡಲು ಹೋಲಿಕೆ ಇದೆ. ಇಂಗ್ಲಿಷಿನಲ್ಲೂ ಎರಡಕ್ಕೂ ‘ಬೆಲ್ಲೋಸ್’ ಅನ್ನುವ ಒಂದೇ ಪದ. ಒಂದು ಅನುಮಾನ ಮಾತ್ರ ಉಳಿದಿದೆ. ತಿದಿಯ ಕೆಲಸ ಗಾಳಿ ಊದುವುದು, ಇದರ ಕೆಲಸ ಗಾಳಿ ಹಿಡಿದಿಟ್ಟು ಭಾರ ಹೊರುವುದು. ‘ಗಾಳಿತಿದಿ’ ಅಂದರೆ ಒಪ್ಪುತ್ತದೆಯೇ? ತಿದಿ ಕಂಡಿರುವ ಹಿರಿಯರು ಹೇಳಬೇಕು.

‘ಸ್ಟೆಪ್ನಿ’ಯನ್ನು ಕನ್ನಡ ಮಾಡಲು ಹೋಗಿಲ್ಲ. ಅದು 1904ರ ಹೊತ್ತಿಗೆ ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಬಿಡಿ ಗಾಲಿಯ ಹೆಸರು. ಆ ಕಾಲದ ಕಾರುಗಳಿಗೆ ಬಿಡಿ ಗಾಲಿಯೇ ಇರುತ್ತಿರಲಿಲ್ಲ. ನೂರು ವರ್ಷ ದಾಟಿದರೂ ನಮ್ಮ ಲಾರಿ ಚಾಲಕರ ಬಾಯಲ್ಲಿ ಗಟ್ಟಿಯಾಗಿ ಉಳಿದಿದೆ. ಇರಲಿ, ಅದು ನಮ್ಮದೇ.

‘ಬಿಚ್ಚು’ ಮತ್ತು ‘ಸಡಿಲಿಸು’ ಬಗ್ಗೆಯೂ ಎಚ್ಚರ ಬೇಕು. ಗಾಲಿ ನೆಲದಲ್ಲಿರುವಾಗ ನಟ್ಟುಗಳನ್ನು ಪಾನಾದಿಂದ (ಸ್ಪ್ಯಾನರ್) ಸಡಿಲಿಸುವುದು ಮಾತ್ರ. ಬಿಚ್ಚುವುದು ಗಾಡಿ ಎತ್ತಿದ ಮೇಲೆ. ‘ಲೂಸ್ ಮಾಡು’ ಅಂದರೆ ಎರಡೂ ಆಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಜಾಕ್ ಎತ್ತಲು, ಘೋಡಿ (ಎತ್ತಿದ ಗಾಡಿಯ ಕೆಳಗೆ ಇಡುವ ಸ್ಟ್ಯಾಂಡ್) ಹೊರಲು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬಾರದು. ನಮ್ಮ ಎರೆಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಕೆಳಗೆ ಅಗಲದ ಹಲಗೆ ಬೇಕು. ಚಕ್ಕಡಿಗೆ (ಎತ್ತಿನ ಬಂಡಿ) ಕೀಲೆಣ್ಣೆ ಹಾಕುವಾಗ ಅಚ್ಚಿನ ಕೆಳಗೆ ಆಸರೆ ಕೊಟ್ಟೇ ಗಾಲಿ ಕಳಚುತ್ತಿದ್ದರು. ಆ ಆಸರೆಗೆ ನಿಮ್ಮ ಊರಿನಲ್ಲಿ ಏನನ್ನುತ್ತಿದ್ದರು? ಜಮಖಂಡಿ, ಇಂಡಿ, ಗೋಕಾಕ ಕಡೆಯವರು ತಿಳಿಸಿದರೆ ‘ಘೋಡಿ’ಯ ಪಕ್ಕದಲ್ಲಿ ಅದನ್ನೂ ಬರೆಯುತ್ತೇನೆ.

ಎರಡನೇ ಸಾಲು ಈಗ ಹೀಗಿದೆ: ‘ಎಲ್ಲರೂ ಕೆಳಗಿಳಿಯಿರಿ. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಪರದೆಯಲ್ಲಿ ಜಾಕ್ ಮೋಡ್ ಒತ್ತಿ ಗಾಡಿ ಗಪ್ ಮಾಡಿ. ಎಂಜಿನ್ ಬಂದ್ ಮಾಡಿ. ಆಮೇಲೆ ಜಾಕ್ ಹಚ್ಚಿ ಎತ್ತಿ.’ ಗಾಡಿ ಗಾಡಿಗೆ ಕ್ರಮದಲ್ಲಿ ವ್ಯತ್ಯಾಸ ಇರುವುದರಿಂದ, ಕೈಪಿಡಿ ನೋಡಿ ಅನ್ನುವ ಮಾತನ್ನು ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಕೊನೆಯ ಸಾಲಿಗೆ ಪದ ಇನ್ನೂ ಸಿಕ್ಕಿಲ್ಲ. ಕೆಲಸ ಮುಗಿದ ಮೇಲೆ ಜಾಕ್ ಮೋಡ್ ತೆಗೆಯಬೇಕು. ಹಲವು ಗಾಡಿಗಳಲ್ಲಿ ಸ್ವಲ್ಪ ವೇಗ ಬಂದ ಕೂಡಲೇ ಅದೇ ಹೋಗುತ್ತದೆ, ಆದರೂ ನೋಡಿಕೊಳ್ಳಬೇಕು. ಗಪ್ ಮಾಡಿದ ಗಾಡಿಯನ್ನು ಮತ್ತೆ ಏನು ಮಾಡುವುದು? ‘ಎಚ್ಚರಿಸಿ’ ಅನ್ನೋಣವೇ, ‘ಗಪ್ ಬಿಡಿಸಿ’ ಅನ್ನೋಣವೇ?